ದ್ವೀಪದ ಇಬ್ಬರು ಹುಡುಗರು

ಮಕ್ಕಳ ವಿದ್ಯಾಭ್ಯಾಸ, ಮನೆಯ ನಡವಳಿಕೆ, ಹಳೆಯ ಗ್ರಂಥಗಳು, ಇವುಗಳ ವಿಷಯವಾಗಿ ಈ ಪುಟದಲ್ಲಿ ನಾವು ಬರೆಯುತ್ತ ಬಂದಿರುವುದು ವಾಚಕರಿಗೆ ತಿಳಿದೇ ಇದೆ. ಈ ತಿಂಗಳು ಬರೆಯಹೊರಟಿರುವುದು ಒಂದು ಧಾರಾವಾಹಿ ನಾಟಕವನ್ನು ಕುರಿತು, ಅದೂ ಪರದೇಶದ್ದು, ಅದೂ ಇಬ್ಬರು ಹುಡುಗರ ಪ್ರೇಮವನ್ನು ವಸ್ತುವಾಗಿ ಉಳ್ಳದ್ದು. ವಾಚಕ ಮಹಾಶಯರು ಹಾಳೆಯನ್ನು ಮಗುಚುವ ಮುನ್ನ ನಮ್ಮ ನಾಲ್ಕು ಮಾತನ್ನು ಲಾಲಿಸಬೇಕೆಂದು ಪ್ರಾರ್ಥನೆ.

ನಮ್ಮ ತಮ್ಮನ ಮಗಳು ತಿಪಟೂರಿನ ಕಾಲೇಜೊಂದರಲ್ಲಿ ಓದುತ್ತ ರಜೆಯ ದಿನಗಳಲ್ಲಿ ಮಾಯಸಂದ್ರಕ್ಕೆ ನಮ್ಮ ಮನೆಗೆ ಬರುವಳು. ಈ ಸಲ ಬಂದವಳು ಸಂಜೆಯಾಯಿತೆಂದರೆ ಒಳಕೋಣೆಯ ಮೂಲೆಯನ್ನು ಸೇರಿ, ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು, ಮೊಬೈಲಿನಲ್ಲಿ ಏನನ್ನೋ ನೋಡುತ್ತ ಒಮ್ಮೆ ನಗುವುದೂ ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದೂ ನಮ್ಮ ಕಣ್ಣಿಗೆ ಬಿದ್ದಿತು. ಏನೆಂದು ಕೇಳಿದೆವು. "ದೊಡ್ಡಪ್ಪಾ, ಇದು ನಿಮಗೆ ಹಿಡಿಸುವುದಿಲ್ಲ" ಎಂದಳು. "ಹಿಡಿಸದಿದ್ದರೆ ನಾನೇ ಎದ್ದು ಹೋಗುತ್ತೇನೆ. ನೀನು ಮುಚ್ಚಿಟ್ಟುಕೊಂಡು ನೋಡಬೇಡಮ್ಮ, ನಡುಮನೆಯ ಟಿ.ವಿ.ಗೆ ಹಾಕು" ಎಂದೆವು. ಅವಳು ಬಹಳ ಹೊತ್ತು ಅನುಮಾನಿಸಿ, ಕಡೆಗೆ ಹಾಕಿದಳು. ಕೆಳಗೆ ಓಡುವ ಇಂಗ್ಲಿಷು ಸಾಲುಗಳನ್ನು ತನ್ನ ದೊಡ್ಡಮ್ಮನಿಗಾಗಿ ಕನ್ನಡಿಸಿ ಹೇಳುತ್ತ ಬಂದಳು. ಹೀಗೆ ಐದು ಕಂತುಗಳಲ್ಲಿ ಎರಡನ್ನು ನೋಡಿದ್ದಾಯಿತು. ಮುಂದೆ ಹೇಳತಕ್ಕದ್ದೆಲ್ಲವೂ ಆ ಎರಡು ಕಂತುಗಳನ್ನು ಕುರಿತ ಮೊದಲ ಅಭಿಪ್ರಾಯವೆಂದು ತಿಳಿಯಬೇಕು.

ಈ ಬಗೆಯ ನಾಟಕಗಳಿಗೆ 'ಬಾಯ್ಸ್ ಲವ್' ಎಂದು ಹೆಸರು. ಇದರ ಹುಟ್ಟು ಜಪಾನಿನಲ್ಲಿ. 1970ರ ದಶಕದಲ್ಲಿ ಅಲ್ಲಿಯ ಕೆಲವು ಸ್ತ್ರೀ ಲೇಖಕಿಯರು ಚಿತ್ರಕಥೆಗಳಲ್ಲಿ ಹುಡುಗರಿಬ್ಬರ ಪ್ರೇಮವನ್ನು ಬರೆಯತೊಡಗಿದರು. ಅವರಲ್ಲಿ ಕೇಕೊ ತಾಕೆಮಿಯಾ ಎಂಬಾಕೆಯ ದೀರ್ಘ ಕಥೆಯೊಂದು 1976ರಲ್ಲಿ ಮೊದಲಾಯಿತು. ಬರೆದವರೂ ಹೆಂಗಸರು, ಓದಿದವರೂ ಬಹುಮಟ್ಟಿಗೆ ಹೆಂಗಸರು. ಅಲ್ಲಿಂದ ಈ ಕಥಾಪ್ರಕಾರವು ಥಾಯ್ಲೆಂಡಿಗೆ ಬಂದು, 2014ರಲ್ಲಿ 'ಲವ್ ಸಿಕ್' ಎಂಬ ಧಾರಾವಾಹಿಯಾದ ಮೇಲೆ ಅಲ್ಲಿ ಹೇರಳವಾಗಿ ಬೆಳೆಯಿತು. ಈಗ ನಮ್ಮ ಸೀಮೆಯ ಕಾಲೇಜು ಹುಡುಗಿಯರ ಮೊಬೈಲುಗಳವರೆಗೂ ಬಂದಿದೆ.

ನಾವು ನೋಡಿದ್ದು 2020ರಲ್ಲಿ ನಾದಾವ್ ಬ್ಯಾಂಕಾಕ್ ಎಂಬ ಸಂಸ್ಥೆಯವರು ತಯಾರಿಸಿ, ನರುಬೇತ್ ಕುನೊ ಎಂಬವರು ನಿರ್ದೇಶಿಸಿದ 'ಐ ಟೋಲ್ಡ್ ಸನ್‌ಸೆಟ್ ಅಬೌಟ್ ಯು' ಎಂಬುದನ್ನು. ನಿನ್ನ ಸಂಗತಿಯನ್ನು ಮುಳುಗುವ ಸೂರ್ಯನಿಗೆ ಹೇಳಿದೆನು ಎಂದು ಇಂಗ್ಲಿಷು ಹೆಸರಿನ ಭಾವ. ಥಾಯ್ ಹೆಸರಿಗೆ ಬೇರೆ ಅರ್ಥವಿದೆ: ನನ್ನ ಪ್ರೇಮವನ್ನು ನಿನ್ನ ಹೃದಯದಿಂದ ಅನುವಾದಿಸು ಎಂದು. ಎರಡನೆಯದೇ ಕಥೆಗೆ ಹೆಚ್ಚು ಒಪ್ಪುತ್ತದೆ. ಯಾತಕ್ಕೆಂದರೆ ಇದು ಭಾಷೆಯನ್ನು ಕಲಿಯುವ ಇಬ್ಬರು ವಿದ್ಯಾರ್ಥಿಗಳ ಕಥೆ.

ಕಥೆ ನಡೆಯುವುದು ಅಂಡಮಾನ್ ಸಮುದ್ರದ ಫುಕೆಟ್ ದ್ವೀಪದಲ್ಲಿ. ತವರದ ಗಣಿಗಳಿಗಾಗಿ ಹಿಂದೆ ಬಂದು ನೆಲೆಸಿದ ಚೀನೀಯರ ಸಂತತಿ ಅಲ್ಲಿ ಬಹಳ. ತೇ ಎಂಬ ಹುಡುಗನ ತಾಯಿ ನೂಡಲ್ಸ್ ಅಂಗಡಿಯನ್ನು ನಡೆಸಿ ಮಕ್ಕಳನ್ನು ಓದಿಸುತ್ತಿರುವವಳು. ಓಏವ್ ಎಂಬವನು ಅನುಕೂಲವಂತರ ಮಗ. ಆ ಊರಿನ ತಣ್ಣನೆಯ ಸಿಹಿತಿಂಡಿಯೊಂದರ ಹೆಸರೇ ಅವನ ಹೆಸರು. ಬಾಲ್ಯದಲ್ಲಿ ಇಬ್ಬರೂ ಪ್ರಾಣಸ್ನೇಹಿತರು. ಶಾಲೆಯ ನಾಟಕದ ಒಂದು ಪಾತ್ರದ ದೆಸೆಯಿಂದ ಮನಸ್ತಾಪ ಹುಟ್ಟಿ ಮಾತು ಬಿಡುವರು. ವರುಷಗಳು ಕಳೆದು, ವಿಶ್ವವಿದ್ಯಾನಿಲಯದ ಪ್ರವೇಶಕ್ಕೆ ಸಿದ್ಧರಾಗುತ್ತಿರುವಾಗ, ಚೀನೀ ಭಾಷೆಯ ಪಾಠದ ಮನೆಯಲ್ಲಿ ಮತ್ತೆ ಎದುರಾಗುವರು. ತೇ ಆ ಭಾಷೆಯಲ್ಲಿ ಚತುರ, ಓಏವ್ ಹಿಂದುಳಿದವನು. ಮೊದಲು ಬಿಗುಮಾನ, ಆಮೇಲೆ ಸಂಧಿ, ಆಮೇಲೆ ಒಬ್ಬನು ಇನ್ನೊಬ್ಬನಿಗೆ ಶಬ್ದಗಳನ್ನು ಒಂದೊಂದಾಗಿ ಕಲಿಸುವುದು. ಕಲಿಸುತ್ತ ಕಲಿಸುತ್ತ, ತನ್ನ ಮನಸ್ಸಿನಲ್ಲಿ ಏನೋ ಆಗುತ್ತಿದೆಯೆಂಬುದು ತೇಗೆ ತೋರುತ್ತದೆ. ಅದಕ್ಕೆ ಶಬ್ದ ಮಾತ್ರ ಅವನಿಗೆ ಯಾವ ಭಾಷೆಯಲ್ಲಿಯೂ ಸಿಕ್ಕುವುದಿಲ್ಲ. ಅವನು ಒಬ್ಬ ಹುಡುಗಿಯನ್ನು ಮೆಚ್ಚಿರುವನೆಂದು ಎಲ್ಲರೂ ನಂಬಿರುವರು, ಅವನೂ ನಂಬಿರುವನು. ತೊಡಕೆಲ್ಲವೂ ಅಲ್ಲಿಯೇ.

ನಡುವೆ ಒಂದು ಮಾತು. ಥಾಯ್ ಭಾಷೆ ನಮಗೆ ಬಾರದು. ಆದರೂ ಉಪಾಧ್ಯಾಯನಿಗೆ ಅಲ್ಲಿ 'ಖ್ರು' ಎನ್ನುವರು, ಅದು ನಮ್ಮ 'ಗುರು'ವೇ. ಭಾಷೆಗೆ 'ಫಾಸಾ' ಎನ್ನುವರು. ಅಷ್ಟು ದೂರದವರ ಬಾಯಲ್ಲಿ ನಮ್ಮ ಶಬ್ದಗಳಿರುವುದನ್ನು ನೆನೆದು, ಪರದೇಶದ್ದೆಂಬ ನಮ್ಮ ಅಸಡ್ಡೆ ಸ್ವಲ್ಪ ಸಡಿಲವಾಯಿತೆಂದು ಒಪ್ಪಿಕೊಳ್ಳಬೇಕು.

ಅಲಂಕಾರಶಾಸ್ತ್ರವನ್ನು ಓದಿದವನ ಮನಸ್ಸಿಗೆ ಇಂಥ ಕಥೆಯನ್ನು ನೋಡಿದೊಡನೆ ಬರುವ ಶಬ್ದ 'ರಸಾಭಾಸ'. ರತಿಯು ಅನುಚಿತವಾದ ಕಡೆಯಲ್ಲಿ ನೆಲೆಗೊಂಡರೆ ಅದು ಶೃಂಗಾರವಲ್ಲ, ಶೃಂಗಾರದ ಆಭಾಸವೆಂದು ಲಾಕ್ಷಣಿಕರ ಮತ. ಸಾಹಿತ್ಯದರ್ಪಣದ ವಿಶ್ವನಾಥನು ಪಟ್ಟಿಯನ್ನೇ ಕೊಡುತ್ತಾನೆ: ಗುರುಪತ್ನಿಯಲ್ಲಿ ರತಿ, ಒಬ್ಬರಲ್ಲಿ ಮಾತ್ರವಿದ್ದು ಇನ್ನೊಬ್ಬರಲ್ಲಿಲ್ಲದ ರತಿ, ಪಶುಪಕ್ಷಿಗಳ ರತಿ, ಮುಂತಾಗಿ. ನಾವೂ ಮೊದಲ ದಿನ ಆ ಶಬ್ದವನ್ನೇ ಮನಸ್ಸಿನಲ್ಲಿ ಉಚ್ಚರಿಸಿ ನೆಮ್ಮದಿಯಾಗಿ ಕುಳಿತೆವು. ಆದರೆ ಅದೇ ವಿಶ್ವನಾಥನು, ಆಭಾಸವೂ ಆಸ್ವಾದಕ್ಕೆ ಬರುವುದರಿಂದ ಅದನ್ನೂ ರಸವೆಂದೇ ಕರೆಯಬಹುದೆಂದು ಹೇಳಿರುವುದು ಆ ರಾತ್ರಿ ನೆನಪಿಗೆ ಬಂತು. ಕುಮಾರಸಂಭವದ ಮೂರನೆಯ ಸರ್ಗದಲ್ಲಿ ದುಂಬಿಯೂ ಜಿಂಕೆಯೂ ತಮ್ಮ ಸಂಗಾತಿಗಳಲ್ಲಿ ತೋರುವ ಅಕ್ಕರೆಯನ್ನು ಓದಿ, ಇದು ಆಭಾಸವೆಂದು ಯಾವ ಸಹೃದಯನು ಪುಸ್ತಕವನ್ನು ಮುಚ್ಚಿದ್ದಾನೆ? ದುಂಬಿಗೆ ಸಲ್ಲುವ ಕನಿಕರವು ಮನುಷ್ಯರ ಮಕ್ಕಳಿಬ್ಬರಿಗೆ ಸಲ್ಲದೆನ್ನುವುದು ಹೇಗೆ?

ಇನ್ನು ಪ್ರಯೋಗವನ್ನು ಹೇಳುವುದಾದರೆ, ಬಿಲ್ಕಿನ್, ಪಿ.ಪಿ. ಎಂದು ಹೆಸರಾದ ತರುಣ ನಟರಿಬ್ಬರೂ ಮಾತಿಗಿಂತ ಮೌನವನ್ನು ಚೆನ್ನಾಗಿ ಅಭಿನಯಿಸುತ್ತಾರೆ. ಶಾಸ್ತ್ರದಲ್ಲಿ ಪೂರ್ವರಾಗಕ್ಕೆ ಹೇಳಿದ ಅಭಿಲಾಷೆ, ಚಿಂತೆ, ಸ್ಮೃತಿ, ಉದ್ವೇಗ ಎಂಬ ಅವಸ್ಥೆಗಳನ್ನು ತೇಯ ಮುಖದಲ್ಲಿ ಒಂದೊಂದಾಗಿ ಎಣಿಸಬಹುದು. ಮನೆಯವರೆಲ್ಲ ಕೂಡಿ ನೋಡಲಾಗದಂಥದು ಈ ಎರಡು ಕಂತುಗಳಲ್ಲಿ ನಮಗೆ ಏನೂ ಕಾಣಲಿಲ್ಲ. ದೋಷಗಳೂ ಉಂಟು. ಕಡಲಿನ ಸೊಬಗನ್ನು ತೋರಿಸುವ ಹುರುಪಿನಲ್ಲಿ ಕಥೆಯು ಅಲ್ಲಲ್ಲಿ ನಿಂತುಬಿಡುತ್ತದೆ. ಕಣ್ಣೀರು ಬೇಕಾದ್ದಕ್ಕಿಂತ ಹೆಚ್ಚು. ಮಿಕ್ಕ ಧಾರಾವಾಹಿಗಳು ಇದಕ್ಕಿಂತ ಹಗುರವೆಂದೂ, ಕೆಲವುಗಳಲ್ಲಿ ಮುದ್ದು ಮುಖಗಳಲ್ಲದೆ ಬೇರೇನೂ ಇಲ್ಲವೆಂದೂ ಹುಡುಗಿಯೇ ಒಪ್ಪಿಕೊಂಡಳು. ನಮ್ಮ ಮನೆಯವರು ಮಾತ್ರ ಇಷ್ಟೂ ಹೊತ್ತು ಸುಮ್ಮನಿದ್ದು, ಕಡೆಗೆ ಕೇಳಿದ್ದು ಒಂದೇ ಪ್ರಶ್ನೆ: "ಆ ಅಂಗಡಿ ಇಟ್ಟುಕೊಂಡಿರುವ ತಾಯಿಗೆ ಗೊತ್ತಾದರೆ ಏನು ಮಾಡುತ್ತಾಳೆ?" ನಮ್ಮ ವಿಮರ್ಶೆಗಿಂತ ಆ ಪ್ರಶ್ನೆಯೇ ದೊಡ್ಡದೆಂದು ತೋರಿತು.

ಆ ಪ್ರಶ್ನೆಯು ಕನ್ನಡನಾಡಿನ ತಾಯಂದಿರಿಗೂ ಸಂಬಂಧಪಟ್ಟದ್ದೇ. ಸಂಡೂರಿನವರಾದ ವಸುಧೇಂದ್ರರು 2013ರಲ್ಲಿ 'ಮೋಹನಸ್ವಾಮಿ' ಎಂಬ ಕಥಾಸಂಕಲನವನ್ನು ಪ್ರಕಟಿಸಿದರು. ಗಂಡಸನ್ನೇ ಪ್ರೀತಿಸುವ ಗಂಡಸೊಬ್ಬನು ನಮ್ಮ ನಡುವೆ ಬೆಳೆದು, ನಮ್ಮ ಬೆಂಗಳೂರಿನಲ್ಲಿ ಬದುಕುವ ಬಗೆಯು ಅದರಲ್ಲಿದೆ. ತಮ್ಮ ವಿಷಯವನ್ನೂ ಅವರು ಮರೆಮಾಚದೆ ಲೋಕಕ್ಕೆ ಹೇಳಿದರು. ಥಾಯ್ ನಾಟಕದಲ್ಲಿ ಕಡಲೂ ಸಂಜೆಯೂ ಉಂಟು. ಈ ಪುಸ್ತಕದಲ್ಲಿ ಒಂಟಿತನ, ಅಪಹಾಸ್ಯ, ಭಯ. ಅದನ್ನು ನಾವು ಬಹಳ ತಡವಾಗಿ ಓದಿದೆವು. ಹಿಂದೆ ಇಂಥವರನ್ನು 1860ರ ದಂಡಸಂಹಿತೆಯ 377ನೆಯ ಕಲಮು ಅಪರಾಧಿಗಳೆಂದು ಎಣಿಸುತ್ತಿತ್ತು. ಪ್ರಾಪ್ತವಯಸ್ಕರು ಪರಸ್ಪರ ಒಪ್ಪಿ ನಡೆಸುವ ಬಾಳು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತರು. ಇಂಥವರ ವಿವಾಹದ ಪ್ರಶ್ನೆಯು 2023ರ ಅಕ್ಟೋಬರ್ 17ರಂದು ತೀರ್ಮಾನಕ್ಕೆ ಬಂದಾಗ, ಅದನ್ನು ಮಾನ್ಯಮಾಡುವುದು ಶಾಸನಸಭೆಯ ಕೆಲಸವೆಂದು ನ್ಯಾಯಾಲಯವು ಹೇಳಿತು. ಥಾಯ್ಲೆಂಡಿನಲ್ಲಿ ಅಂಥ ವಿವಾಹವನ್ನು ಒಪ್ಪುವ ಕಾನೂನು 2025ರ ಜನವರಿ 23ರಿಂದ ಜಾರಿಗೆ ಬಂದಿದೆ.

ಕಾನೂನಿನ ಮಾತು ಹಾಗಿರಲಿ. ನಮ್ಮ ಮಾತಿಗೆ ಬರುವೆವು. ಎರಡನೆಯ ಕಂತು ಮುಗಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. 1998ರಲ್ಲಿ ನಾವು ಪಾಠ ಹೇಳುತ್ತಿದ್ದ ಶಾಲೆಯ ಒಂಬತ್ತನೆಯ ತರಗತಿಯಲ್ಲಿ ಇಬ್ಬರು ಹುಡುಗರಿದ್ದರು. ಒಂದೇ ಬೆಂಚು, ಒಂದೇ ಬುತ್ತಿ, ಒಂದೇ ಸೈಕಲ್ಲು. ಒಬ್ಬನಿಗೆ ಸಂಸ್ಕೃತದ ಶಬ್ದರೂಪಗಳು ನಾಲಗೆಯ ತುದಿಯಲ್ಲಿದ್ದುವು; ಇನ್ನೊಬ್ಬನಿಗೆ ಅವನೇ ಹೇಳಿಕೊಡುತ್ತಿದ್ದನು. ಮಿಕ್ಕ ಹುಡುಗರು ಗೋಡೆಯ ಮೇಲೆ ಏನೋ ಬರೆದು ನಕ್ಕರು. ನಾವು ನಕ್ಕವರನ್ನು ವಿಚಾರಿಸಲಿಲ್ಲ. ಆ ಇಬ್ಬರನ್ನು ಬೇರೆ ಬೇರೆ ಮೂಲೆಗೆ ಕೂರಿಸಿದೆವು. ಅದು ಸಾಲದೆಂಬಂತೆ, ಒಬ್ಬನ ತಂದೆಯನ್ನು ಕರೆಸಿ, ನಾಲ್ಕು ಜನ ಕೇಳುವಂತೆ, ಮಗನ ನಡತೆ ಸರಿಯಿಲ್ಲವೆಂದು ಹೇಳಿದೆವು. ಆ ಶಬ್ದರೂಪಗಳ ಹುಡುಗನು ಮರುವಾರದಿಂದ ಶಾಲೆಗೆ ಬರಲಿಲ್ಲ. ತುಮಕೂರಿನಲ್ಲಿ ನೆಂಟರ ಅಂಗಡಿಗೆ ಸೇರಿದನೆಂದು ಕೇಳಿದೆವು. ಶಿಸ್ತನ್ನು ಕಾಪಾಡಿದೆವೆಂದು ಆಗ ನಮಗೆ ಸಮಾಧಾನವೇ ಇತ್ತು.

ಆ ಇಬ್ಬರ ನಡುವೆ ಇದ್ದದ್ದು ಬರಿಯ ಸ್ನೇಹವೋ ಮತ್ತೊಂದೋ ಇಂದಿಗೂ ನಾವು ಅರಿಯೆವು. ಅರಿಯದೆಯೇ ತೀರ್ಪು ಕೊಟ್ಟೆವು, ದೋಷವಿರುವುದು ಅಲ್ಲಿ. ನಮ್ಮ ಸೀಮೆಯಲ್ಲಿ ಕೊಬ್ಬರಿಗೆಂದು ಅಟ್ಟಕ್ಕೆ ಏರಿಸಿದ ತೆಂಗಿನಕಾಯನ್ನು ತಿಂಗಳುಗಟ್ಟಲೆ ಮುಟ್ಟುವುದಿಲ್ಲ. ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗಿನ ಕೊಬ್ಬರಿ ಕರಟವನ್ನು ಬಿಟ್ಟು ಸದ್ದುಮಾಡಿದರೆ ಮಾತ್ರ ಒಡೆಯುವರು. ಇಷ್ಟು ತಾಳ್ಮೆಯನ್ನು ಕಾಯಿಗೆ ತೋರಿಸುವ ಊರಿನಲ್ಲಿ ಹುಟ್ಟಿ, ಹದಿನಾಲ್ಕು ವರುಷದ ಹುಡುಗನಿಗೆ ತೋರಿಸದೆ ಹೋದೆವು.

ಹೋದ ಭಾನುವಾರ ಆ ತಂದೆಯ ತೋಟದ ಮನೆಗೆ ಹೋಗಿದ್ದೆವು. ಮುದುಕರಾಗಿದ್ದಾರೆ. ಕಾಫಿ ಕೊಟ್ಟು, ಕಾಯಿ ಇಳಿಸುವುದಕ್ಕೆ ಆಳು ಸಿಕ್ಕದ ಕಷ್ಟವನ್ನು ಹೇಳಿಕೊಂಡರು. ಮಗನು ಬೆಂಗಳೂರಿನಲ್ಲಿರುವನಂತೆ, ಯುಗಾದಿಗೆ ಫೋನು ಮಾಡುವನಂತೆ, ಊರಿಗೆ ಬಾ ಎಂದರೆ ಮಾತನ್ನು ತಿರುಗಿಸುವನಂತೆ. "ಗೌಡರೇ, ಆ ದಿನ ಶಾಲೆಯಲ್ಲಿ ನಾನು ಆಡಿದ್ದು ತಪ್ಪು ಮಾತು" ಎಂದೆವು. ಅವರು ಬಹಳ ಹೊತ್ತು ಅಂಗಳವನ್ನು ನೋಡುತ್ತಿದ್ದರು. "ನೀವು ಒಂದು ಮಾತು ಆಡಿದಿರಿ, ಮೇಷ್ಟ್ರೇ. ಮನೆಗೆ ಬಂದು ಹೊಡೆದವನು ನಾನು" ಎಂದರು. ಆಮೇಲೆ ಒಳಗೆ ಹೋಗಿ, ಹಳೆಯ ಲಗ್ನಪತ್ರಿಕೆಯೊಂದರ ಹಿಂದೆ ಮಗನ ನಂಬರನ್ನು ಬರೆಸಿ ತಂದು ಕೊಟ್ಟು, "ನೀವೇ ಒಂದು ಸಲ ಮಾತಾಡಿ ನೋಡಿ" ಎಂದರು.

ಸದ್ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ. ನಿಮ್ಮ ಮನೆಯ ಮಕ್ಕಳು ಇಂಥ ನಾಟಕಗಳನ್ನು ನೋಡುತ್ತಿರುವುದು ತಿಳಿದರೆ, ಮೊಬೈಲನ್ನು ಕಸಿದುಕೊಳ್ಳುವ ಮುನ್ನ ಒಂದು ಕಂತನ್ನು ಅವರ ಪಕ್ಕದಲ್ಲಿ ಕುಳಿತು ನೋಡಿ. ಅವರ ವಯಸ್ಸಿಗೆ ತಕ್ಕುದಲ್ಲವೆಂದು ಕಂಡರೆ ಹಾಗೆಂದು ಹೇಳಿ. ಹೇಳುವ ಹಕ್ಕು ಹಿರಿಯರಿಗೆ ಇದ್ದೇ ಇದೆ. ನೋಡಿದ ಮಾತ್ರಕ್ಕೆ ಯಾರ ಸ್ವಭಾವವೂ ಬದಲಾಗುವುದಿಲ್ಲ. ಆದರೆ ಕಥೆಯನ್ನು ನೋಡುತ್ತ ನೀವು ಆಡುವ ಒಂದು ಹಗುರವಾದ ಮಾತು, ಅದೇ ಕೋಣೆಯಲ್ಲಿ ಸುಮ್ಮನೆ ಕುಳಿತಿರುವ ಮಗುವೊಂದಕ್ಕೆ ತಾಕಬಹುದು. ಆ ಮಗು ಯಾವುದೆಂಬುದು ನಿಮಗೆ ಗೊತ್ತಿರುವುದಿಲ್ಲ.

ಇಪ್ಪತ್ತೇಳು ವರುಷಕ್ಕೂ ಮೇಲ್ಪಟ್ಟು ಆಡದ ಮಾತನ್ನು ಹೇಗೆ ಮೊದಲುಮಾಡಬೇಕೆಂಬುದು ನಮಗೆ ಇನ್ನೂ ತೋಚಿಲ್ಲ. ನಂಬರು ಬರೆದ ಆ ಲಗ್ನಪತ್ರಿಕೆಯು ಪಂಚಾಂಗದೊಳಗೆ ಇದೆ. ಈ ಲೇಖನವನ್ನು ಅಂಚೆಗೆ ಹಾಕಿ ಬಂದೊಡನೆ ಕರೆಮಾಡತಕ್ಕದ್ದೆಂದು ನಿಶ್ಚಯಿಸಿದ್ದೇವೆ. ಉಳಿದ ಮೂರು ಕಂತುಗಳ ವಿಚಾರವನ್ನೂ, ನೂಡಲ್ಸ್ ಅಂಗಡಿಯ ಆ ತಾಯಿ ಏನು ಮಾಡಿದಳೆಂಬುದನ್ನೂ ಮುಂದಿನ ತಿಂಗಳು ವಾಚಕರಿಗೆ ನಿವೇದಿಸುವೆವು.