ಉದ್ಯಾನದ ಬಾಗಿಲು ಯಾರಿಗೆ ತೆರೆದಿದೆ?

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ವರ್ಷದ ಕೆಲವು ದಿನಗಳಂದು ಪ್ರವೇಶಶುಲ್ಕವಿರುವುದಿಲ್ಲ. 2026ರ ಪಟ್ಟಿಯಿಂದ ಕೈಬಿಡಲಾದ ದಿನಗಳಲ್ಲಿ ಇವೂ ಸೇರಿವೆ: ಮಾರ್ಟಿನ್ ಲೂಥರ್ ಕಿಂಗ್ ಅವರ ಸ್ಮರಣೆಯ ದಿನ ಹಾಗೂ ಗುಲಾಮಗಿರಿಯ ಅಂತ್ಯವನ್ನು ನೆನೆಯುವ ಜೂನ್ 19. ಧ್ವಜದಿನವೂ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಜನ್ಮದಿನವೂ ಆದ ಜೂನ್ 14 ಹೊಸದಾಗಿ ಸೇರಿದೆ. ಕೆಲವೇ ಡಾಲರುಗಳ ಮಾತಿಗೆ ಇಷ್ಟು ವ್ಯಥೆಯೇಕೆಂದು ಕೇಳುವವರುಂಟು. ಆ ಉದ್ಯಾನಗಳ ಪೂರ್ವಕಥೆಯನ್ನು ಬಲ್ಲವರು ಹಾಗೆ ಕೇಳಲಾರರು.

ವರ್ಜೀನಿಯಾದ ಶೆನಂಡೋವಾ ಉದ್ಯಾನದಲ್ಲಿ 1939ರಲ್ಲಿ ಲೂಯಿಸ್ ಮೌಂಟನ್ ಎಂಬ ತಾಣವನ್ನು ಕಪ್ಪು ಜನರಿಗೆಂದೇ ಪ್ರತ್ಯೇಕಿಸಿ ಫಲಕ ನೆಡಲಾಗಿತ್ತು. ಭೂಮಿ ಒಕ್ಕೂಟ ಸರ್ಕಾರದ್ದು, ತೆರಿಗೆ ಎಲ್ಲರದು. ಆದರೂ ಉಣ್ಣುವ, ತಂಗುವ ಎಡೆಗಳು ಬೇರೆ ಬೇರೆ. ಈ ವಿಂಗಡಣೆ ಪೂರ್ಣವಾಗಿ ಅಳಿದದ್ದು 1950ರಲ್ಲಿ.

ಕಾನೂನು ಬಾಗಿಲು ತೆರೆಯಿಸಿದಾಗ ಏನಾಯಿತೆಂಬುದು ಇನ್ನೂ ವಿಚಾರಾರ್ಹ. ಜಾರ್ಜಿಯಾದ ಮೇಕನ್ ನಗರಕ್ಕೆ ಸೆನೆಟರ್ ಅಗಸ್ಟಸ್ ಬೇಕನ್ ಅವರು ಬಿಳಿಯರಿಗಾಗಿ ಮಾತ್ರ ಎಂಬ ಷರತ್ತಿನೊಡನೆ ಉದ್ಯಾನವೊಂದನ್ನು ಉಯಿಲು ಬರೆದಿದ್ದರು. ಆ ಷರತ್ತಿನಂತೆ ಅದನ್ನು ನಡೆಸುವಂತಿಲ್ಲವೆಂದು ಸುಪ್ರೀಂ ಕೋರ್ಟು 1966ರಲ್ಲಿ ಹೇಳಿತು. ದಾನಿಯ ಉದ್ದೇಶವೇ ವಿಫಲವಾಯಿತೆಂದು ರಾಜ್ಯದ ನ್ಯಾಯಾಲಯ ಭೂಮಿಯನ್ನು ವಾರಸುದಾರರಿಗೆ ಮರಳಿಸಿತು. 1970ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ಒಪ್ಪಿತು. ಮಿಸಿಸಿಪಿಯ ಜಾಕ್ಸನ್ ನಗರವಂತೂ ಕಪ್ಪು ಮಕ್ಕಳೊಡನೆ ಈಜುವುದಕ್ಕಿಂತ ಕೊಳಗಳನ್ನೇ ಮುಚ್ಚುವುದು ಲೇಸೆಂದು ಬಗೆಯಿತು. 1971ರಲ್ಲಿ ಐವರು ನ್ಯಾಯಮೂರ್ತಿಗಳು ಇದರಲ್ಲಿ ದೋಷ ಕಾಣಲಿಲ್ಲ, ನಾಲ್ವರು ಕಂಡರು. ಹಂಚಿಕೊಳ್ಳಬೇಕಾದುದನ್ನು ಇಲ್ಲವಾಗಿಸುವ ಈ ಹಟದಿಂದ ಬಿಳಿಯ ಬಡವರೂ ನಷ್ಟಕ್ಕೀಡಾದರು. ಉಳ್ಳವರಿಗೆ ಖಾಸಗಿ ಕ್ಲಬ್ಬುಗಳಿದ್ದವು. ಈಜು ಕಲಿಯದ ತಂದೆತಾಯಿಯರ ಮಕ್ಕಳು ನೀರನ್ನು ಅಂಜುತ್ತಲೇ ಬೆಳೆದರು. ಇಂದಿಗೂ ಅಮೆರಿಕದ ಈಜುಕೊಳಗಳಲ್ಲಿ ಮುಳುಗಿ ಸಾಯುವ ಮಕ್ಕಳಲ್ಲಿ ಕಪ್ಪು ಮಕ್ಕಳ ಪ್ರಮಾಣ ಬಿಳಿಯ ಮಕ್ಕಳಿಗಿಂತ ಬಹಳ ಹೆಚ್ಚು. ಮುಚ್ಚಿದ ಕೊಳದ ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ.

ಕರ್ನಾಟಕದಿಂದ ಮಕ್ಕಳ ಮನೆಗೆ ಹೋಗುವ ಹಿರಿಯರಿಗೂ ಈಗ ಹೊಸ ಸುಂಕವೊಂದುಂಟು: 2026ರಿಂದ ಗ್ರ್ಯಾಂಡ್ ಕ್ಯಾನ್ಯನ್ ಸೇರಿದಂತೆ 11 ಉದ್ಯಾನಗಳಲ್ಲಿ, ವಾರ್ಷಿಕ ಪಾಸಿಲ್ಲದ ವಿದೇಶಿಯರು 100 ಡಾಲರು ಹೆಚ್ಚುವರಿ ತೆರಬೇಕು. ಅದು ಪಾಸ್‌ಪೋರ್ಟ್ ನೋಡಿ ವಿಧಿಸುವ ತಡೆ. ಹಣ ತೆತ್ತರೆ ದಾಟಬಹುದು. ಬಣ್ಣದ ತಡೆಯನ್ನು ಹಾಗೆ ದಾಟಲಾಗದು.

2020ರ ಮೇ 25ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪಕ್ಷಿವೀಕ್ಷಕ ಕ್ರಿಶ್ಚಿಯನ್ ಕೂಪರ್ ಅವರು, ನಾಯಿಗೆ ಹಗ್ಗ ಕಟ್ಟುವಂತೆ ಬಿಳಿಯ ಮಹಿಳೆಯೊಬ್ಬರನ್ನು ಕೋರಿದರು. ನಿಯಮವೂ ಅದೇ ಆಗಿತ್ತು. ಆಕೆ ಪೊಲೀಸರಿಗೆ ಕರೆ ಮಾಡಿ, ಆಫ್ರಿಕನ್ ಅಮೆರಿಕನ್ ಪುರುಷನೊಬ್ಬ ತನ್ನನ್ನು ಬೆದರಿಸುತ್ತಿದ್ದಾನೆಂದರು. ಅದೇ ದಿನ ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮಂಡಿಯಡಿ ಜಾರ್ಜ್ ಫ್ಲಾಯ್ಡ್ ಅಸುನೀಗಿದರು. ಕೊರಳಲ್ಲಿ ದುರ್ಬೀನು ತೂಗುವ ಕಪ್ಪು ವ್ಯಕ್ತಿ ಪೊದೆಯ ಮರೆಯಲ್ಲಿ ನಿಲ್ಲುವ ಮುನ್ನ ಎರಡು ಬಾರಿ ಯೋಚಿಸುವುದು ಏಕೆಂದು ಆ ಒಂದು ದಿನದಲ್ಲಿ ಲೋಕಕ್ಕೆ ತಿಳಿಯಿತು. ಮುಂದೆ ಆ ಮಹಿಳೆಯ ಮೇಲೆ ಮೊಕದ್ದಮೆ ಹೂಡಿದಾಗ, ಆಕೆ ಈಗಾಗಲೇ ಸಾಕಷ್ಟು ಬೆಲೆ ತೆತ್ತಿದ್ದಾರೆಂದು ಕೂಪರ್ ಅದಕ್ಕೆ ಸಹಕರಿಸಲಿಲ್ಲ. ಘಟನೆಯಾದ ಕೆಲವೇ ದಿನಗಳಲ್ಲಿ ಕಪ್ಪು ಪಕ್ಷಿವೀಕ್ಷಕರ ಸಪ್ತಾಹವೊಂದು ಆರಂಭವಾಯಿತು. ಅದರ ನಂತರವೂ ಅದು ನಡೆದುಬಂದಿದೆ.