ಊರಿನ ದನಿ ಮಾರಾಟಕ್ಕೆ

‘ರೈನ್ ಮ್ಯಾನ್’ (1988) ಚಿತ್ರ ನೋಡಿದವರಿಗೆ ನೆನಪಿರಬಹುದು: ಡಸ್ಟಿನ್ ಹಾಫ್‌ಮನ್‌ನ ಪಾತ್ರ ಒಂದು ರೇಡಿಯೋ ಕೇಂದ್ರದ ಘೋಷಣೆಯನ್ನು ಬಿಡದೆ ಜಪಿಸುತ್ತದೆ. ಆ ಕೇಂದ್ರ ಕಟ್ಟುಕತೆಯದಲ್ಲ. ಅಮೆರಿಕದ ಓಹಾಯೋ ರಾಜ್ಯದಲ್ಲಿ ಆಕ್ಸ್‌ಫರ್ಡ್ ಎಂಬ ಕಾಲೇಜು ಊರಿದೆ, ಅಲ್ಲಿನ ಡಬ್ಲ್ಯು.ಓ.ಎಕ್ಸ್.ವೈ. ಅದು. ದೊಡ್ಡ ಕೇಂದ್ರಗಳು ಮುಟ್ಟದ ಹೊಸ ರಾಕ್ ಹಾಡುಗಳನ್ನು 1983ರಿಂದ ಕೇಳಿಸುತ್ತಿತ್ತು. (‘ಬರೀ ಗದ್ದಲ’ ಎನ್ನುತ್ತೀರಿ ಅಪ್ಪ-ಅಮ್ಮಂದಿರು, ಗೊತ್ತು. ಅಲ್ಲಿನವರೂ ಹಾಗೇ ಅಂದಿರಬೇಕು!)

ಇಂಥ ಕೇಂದ್ರದ ಜೀವವೆಲ್ಲ ನಿರೂಪಕನಲ್ಲಿ. ಯಾರೂ ಕೇಳಿರದ ಹಾಡನ್ನು ಕೇಳಿಸಬೇಕಾದರೆ ಊರಿಗೆ ಆತನ ಮೇಲೆ ನಂಬಿಕೆ ಇರಬೇಕು. ಆದರೆ ಒಬ್ಬ ಮಾಲೀಕ ದೇಶದಲ್ಲಿ ಎಷ್ಟು ಕೇಂದ್ರ ಹೊಂದಬಹುದೆಂಬ ಮಿತಿಯನ್ನೇ 1996ರ ದೂರಸಂಪರ್ಕ ಕಾಯ್ದೆ ತೆಗೆದುಹಾಕಿತು. ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಗೆ ಸಾವಿರಕ್ಕೂ ಹೆಚ್ಚು ಕೇಂದ್ರಗಳು ಬಂದವು. ಎಲ್ಲೋ ಕೂತ ಒಬ್ಬನ ಮಾತನ್ನು ಮೊದಲೇ ಧ್ವನಿಮುದ್ರಿಸಿ ಹಲವು ಊರುಗಳಿಗೆ ಹಂಚುವುದು ಅಗ್ಗ. ಅವನಿಗೆ ನಿಮ್ಮೂರಲ್ಲಿ ಮಳೆ ಬಂದದ್ದೂ ತಿಳಿಯದು; ಸಂಜೆ ಯಾವ ಹುಡುಗರ ತಂಡ ಹಾಡುತ್ತದೆಂಬುದಂತೂ ದೂರದ ಮಾತು.

ಆಕ್ಸ್‌ಫರ್ಡ್‌ನ ಕೇಂದ್ರ ತನ್ನ ಎಫ್.ಎಂ. ತರಂಗವನ್ನು 2004ರಲ್ಲಿ ಕಳೆದುಕೊಂಡಿತು. ಅದೂ ಮಾರಾಟವೇ. ನಿರೂಪಕರು ಕೈಕಟ್ಟಿ ಕೂರಲಿಲ್ಲ, ಇಂಟರ್‌ನೆಟ್ಟಿಗೆ ಹೋದರು. ಹಣ ಸಾಲದೆ ಅಲ್ಲೂ ಒಮ್ಮೆ ನಿಂತು, ಮತ್ತೆ ಎದ್ದು, 2010ರ ಮಾರ್ಚಿನಲ್ಲಿ ಪೂರ್ತಿ ಮೌನವಾಯಿತು.

ಉಳಿದವೂ ಇವೆ. ಸಿಯಾಟಲ್‌ನ ಕೆ.ಇ.ಎಕ್ಸ್.ಪಿ. 1972ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕೇಂದ್ರವಾಗಿ, ಬೇರೆ ಹೆಸರಿನಲ್ಲಿ ಹುಟ್ಟಿದ್ದು. ಅದನ್ನು ಸಾಕುವವರಲ್ಲಿ ಕೇಳುಗರೇ ಮೊದಲು. ಅಲ್ಲಿ ಹಾಡನ್ನು ಇಂದಿಗೂ ನಿರೂಪಕರೇ ಆರಿಸುತ್ತಾರೆ.