ಮನೆಗಾಗಿ ಕೂಡಿಟ್ಟ ಹಣ ಎಲ್ಲಿರಬೇಕು?

ಹೊಸಮನೆ ಎಂಬ ಬಡಾವಣೆ ಶಿವಮೊಗ್ಗದಲ್ಲಿಯೂ ಉಂಟು, ಭದ್ರಾವತಿಯಲ್ಲಿಯೂ ಉಂಟು. ಸ್ವಂತ ಸೂರಿಗಾಗಿ ಹಂಬಲಿಸುವ ಗೃಹಸ್ಥರು ಎರಡೂ ಊರುಗಳಲ್ಲಿದ್ದಾರೆ. ಭದ್ರಾವತಿಯಲ್ಲಂತೂ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳ ವಸತಿಗೃಹಗಳಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದು, ನಿವೃತ್ತಿಯ ಕಾಲಕ್ಕೆ ಕೈಸೇರಿದ ಭವಿಷ್ಯನಿಧಿಯ ಇಡುಗಂಟನ್ನು ಹಿಡಿದು ಮನೆ ಹುಡುಕಿದ ಕುಟುಂಬಗಳು ಅನೇಕ. ಮನೆ ಮನಸ್ಸಿಗೆ ಒಪ್ಪಿ, ಇ-ಖಾತೆ ಕೈಗೆ ಬಂದು, ಕ್ರಯಪತ್ರ ನೋಂದಣಿಯಾಗುವಷ್ಟರಲ್ಲಿ ಆರು ತಿಂಗಳು, ಕೆಲವೊಮ್ಮೆ ಎರಡು ವರ್ಷಗಳೇ ಸರಿದುಹೋಗುವುದುಂಟು. ಈ ನಡುಗಾಲದಲ್ಲಿ ಹಣವನ್ನು ಎಲ್ಲಿರಿಸಬೇಕು?

ಇದು ಬಿತ್ತನೆಗೆಂದು ತೆಗೆದಿರಿಸಿದ ಕಾಳಿನಂತಹ ಹಣ. ಇದನ್ನು ಬೆಳೆಸಹೊರಡುವುದು ಉಚಿತವಲ್ಲ. 2020ರ ಮಾರ್ಚ್ 23ರ ಒಂದೇ ದಿನ ಮುಂಬಯಿ ಷೇರು ಸೂಚ್ಯಂಕ ಶೇಕಡಾ 13ರಷ್ಟು ಕುಸಿಯಿತು. ಕಾಯಬಲ್ಲವರಿಗೆ ಅದು ಮರಳಿ ಏರಿತು, ನಿಜ. ಆದರೆ ಮರುವಾರ ನೋಂದಣಿ ಇದ್ದವರು ಕಾಯುವುದೆಂತು? ಚಿನ್ನವೂ ಅಷ್ಟೆ, ಒಡವೆ ಮಾರುವಾಗ ಮಜೂರಿ ಮರಳಿ ಬಾರದು.

ಅಧಿಕ ಬಡ್ಡಿಯ ಆಸೆಗೆ ಪತ್ತಿನ ಸಹಕಾರ ಸಂಘದಲ್ಲಿ ಠೇವಣಿ ಇಡುವವರು ನಮ್ಮಲ್ಲಿ ಹೆಚ್ಚು. ನಿರ್ದೇಶಕರು ಪರಿಚಿತರು, ನೆಂಟರು ಎಂಬ ಭರವಸೆಯೇ ಅದಕ್ಕೆ ಕಾರಣ. ಸಹಕಾರಿ ಬ್ಯಾಂಕಿಗೂ ಪತ್ತಿನ ಸಂಘಕ್ಕೂ ಇರುವ ಅಂತರವನ್ನು ಗೃಹಸ್ಥರು ಅರಿತಿರಬೇಕು. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕುಗಳ ಠೇವಣಿಗೆ ವಿಮೆಯ ರಕ್ಷಣೆ ಉಂಟು. ಸಂಘದ ಠೇವಣಿಗೆ ಅದಿಲ್ಲ. 1993ರಿಂದ ಒಂದು ಲಕ್ಷ ರೂಪಾಯಿಯಷ್ಟಿದ್ದ ಈ ವಿಮೆಯ ಮಿತಿ 2020ರ ಫೆಬ್ರವರಿಯಲ್ಲಿ ಐದು ಲಕ್ಷಕ್ಕೇರಿತು. ಅಸಲು, ಬಡ್ಡಿ ಎರಡೂ ಸೇರಿ, ಒಂದು ಬ್ಯಾಂಕಿನ ಎಲ್ಲ ಶಾಖೆಗಳ ಲೆಕ್ಕವೂ ಸೇರಿ ಒಬ್ಬರಿಗೆ ಇಷ್ಟು. ಆದುದರಿಂದ ಮೊತ್ತ ದೊಡ್ಡದಾದರೆ ಶಾಖೆಯನ್ನಲ್ಲ, ಬ್ಯಾಂಕನ್ನೇ ಬದಲಿಸಿ ಹಂಚಿಡಬೇಕು. ವಿಮೆ ಇದ್ದರೂ ಹಣ ತಡವಾಗಬಹುದು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ, ಖಾತೆಯಲ್ಲಿ ಎಷ್ಟೇ ಇರಲಿ, ಆರಂಭದಲ್ಲಿ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ.

ಅಂಚೆ ಕಚೇರಿ ಭದ್ರವಾದುದೇ. ಆದರೆ ಅಲ್ಲಿಯ ಅವಧಿ ಠೇವಣಿಯನ್ನು ಮೊದಲ ಆರು ತಿಂಗಳು ಮುಟ್ಟುವಂತಿಲ್ಲ. ಆ ಬಳಿಕ ವರ್ಷ ತುಂಬುವುದರೊಳಗೆ ತೆಗೆದರೆ ಉಳಿತಾಯ ಖಾತೆಯ ಬಡ್ಡಿಯಷ್ಟೇ ದೊರೆಯುತ್ತದೆ. ಕಿಸಾನ್ ವಿಕಾಸ ಪತ್ರಕ್ಕಾದರೋ ಎರಡೂವರೆ ವರ್ಷದ ಬಂಧನ. ಮನೆಯ ಹಣಕ್ಕೆ ಅದು ಸಲ್ಲದು.

ನನ್ನ ಅಭಿಪ್ರಾಯದಲ್ಲಿ, ಗಟ್ಟಿಯಾದ ಬ್ಯಾಂಕುಗಳಲ್ಲಿ ಆರು ತಿಂಗಳು, ಒಂದು ವರ್ಷದ ನಿಶ್ಚಿತ ಠೇವಣಿಗಳೇ ಲೇಸು. ಹತ್ತು ಲಕ್ಷವನ್ನು ಒಂದೇ ರಸೀದಿಯಲ್ಲಿಡದೆ ಎರಡೆರಡು ಲಕ್ಷದ ಐದು ರಸೀದಿಗಳಾಗಿಸಿದರೆ, ಮುಂಗಡಕ್ಕೆ ಒಂದನ್ನು ಮುರಿದಾಗ ಉಳಿದವುಗಳ ಬಡ್ಡಿಗೆ ಧಕ್ಕೆಯಾಗದು. ಅವಧಿಗೆ ಮುನ್ನ ಮುರಿದರೆ ಎಷ್ಟು ಬಡ್ಡಿ ಕಡಿತವಾಗುತ್ತದೆಂದು ಇಡುವಾಗಲೇ ಕೇಳಿ ತಿಳಿಯಿರಿ. ಇದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ನಾಮನಿರ್ದೇಶನ ಬರೆಸಲು ಮರೆಯಬಾರದು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳಿಗೆ ಬೇಕಾದುದನ್ನು ಉಳಿತಾಯ ಖಾತೆಯಲ್ಲಿಯೇ ಬಿಟ್ಟಿರಿ. ಮುಂಗಡವನ್ನು ಚೆಕ್ಕಿನ ಮೂಲಕವೇ ಕೊಡಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿಷೇಧವಿದೆ.